ಸ್ಕೂಟರಿನಲ್ಲಿ ಬಂದ ಕಾಲೇಜು

ಕಳೆದ ವಾರ ಒಂದು ಮಧ್ಯಾಹ್ನ ನಮ್ಮ ಮನೆಗೆ ಒಂದು ಕಾಲೇಜು ಬಂತು. ಸ್ಕೂಟರಿನಲ್ಲಿ.

ತಮಾಷೆಯಲ್ಲ. ಮಗಳು ದೀಕ್ಷಾ ಈ ಸಲ ಕಾಮರ್ಸಿನಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ರಿಸಲ್ಟ್ ಬಂದ ದಿನದಿಂದ ನನ್ನ ಫೋನಿಗೆ ಪುರುಸೊತ್ತಿಲ್ಲ. ಕಾಲೇಜಿನವರು, ಕೋಚಿಂಗಿನವರು, ವಿದೇಶಕ್ಕೆ ಕಳಿಸುವವರು. (ನಮ್ಮ ನಂಬರ್ ಇವರಿಗೆಲ್ಲ ಕೊಟ್ಟವರು ಯಾರು? ಕೇಳಿದರೆ ಎಲ್ಲರೂ ಒಂದೇ ತರ ನಗುತ್ತಾರೆ.) ಆದರೆ ಕಾಪುವಿನ ಈ ಬಿಸಿಲಿನಲ್ಲಿ ಯಾರಾದರೂ ಮನೆಯವರೆಗೆ ಬಂದದ್ದು ಇದೇ ಮೊದಲು.

ಬಂದವರಿಗೆ ಮೂವತ್ತರ ಆಸುಪಾಸು. ಕುತ್ತಿಗೆಯಲ್ಲಿ ಐಡಿ ಕಾರ್ಡು, ಕೈಯಲ್ಲಿ ಬಣ್ಣದ ಬ್ರೋಶರು. ನಾನು ಗೇಟಿನಿಂದಲೇ ಹೇಳಿದೆ: "ಬೇಡ ಮಾರಾಯ್ತಿ, ನಮ್ಮಲ್ಲಿ ಬಾವಿ ಉಂಟು."

"ನಾನು ನೀರಿನ ಫಿಲ್ಟರಿನವಳಲ್ಲ ಮೇಡಂ. ಕಾಲೇಜಿನಿಂದ ಬಂದದ್ದು."

ನಾಚಿಕೆಯಾಯಿತು. ಒಳಗೆ ಕರೆದು ಬೆಲ್ಲ, ನೀರು ಕೊಟ್ಟೆ. ಹೆಸರು ಜೆಸಿಂತಾ, ಮನೆ ಶಿರ್ವ. ಕಾರ್ಕಳದ ಕಡೆಯ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಅಕೌಂಟ್ಸ್ ಲೆಕ್ಚರರ್. ದೀಕ್ಷಾಳನ್ನು ಕರೆಯಲು ನಾನು ಒಳಗೆ ಹೋದದ್ದೇ ತಪ್ಪಾಯಿತು. ಅಷ್ಟರಲ್ಲಿ ಹಿತ್ತಿಲಿನಿಂದ ಅತ್ತೆ ಬಂದು ಬಿಟ್ಟರು. ಮನೆಯಲ್ಲಿ ಪ್ರಾಯಕ್ಕೆ ಬಂದ ಹುಡುಗಿ, ಜಗಲಿಯಲ್ಲಿ ಗುರುತಿಲ್ಲದ ಹೆಂಗಸು, ಎದುರಿಗೆ ಬೆಲ್ಲದ ತಟ್ಟೆ. ಅತ್ತೆಗೆ ಇನ್ನೇನು ಬೇಕು? ಸಂಬಂಧ ಬಂದಿದೆ ಎಂದು ನಿರ್ಧರಿಸಿ ವಿಚಾರಣೆಗೆ ಕುಳಿತರು. (ಹೆಸರು ಕೇಳುವಷ್ಟು ತಾಳ್ಮೆ ಅವರಿಗೆ ಎಂದೂ ಇಲ್ಲ.)

"ದೂರವಾ?"

"ಕಾರ್ಕಳದ ಹತ್ತಿರ, ಅಜ್ಜಿ. ಬಸ್ ಇಲ್ಲಿಗೇ ಬರ್ತದೆ."

"ಕಟ್ಟಡ ಸ್ವಂತದ್ದಾ?"

"ಸ್ವಂತದ್ದೇ. ಮೂರು ಮಾಳಿಗೆ."

"ಕುಡಿಯುವ ಅಭ್ಯಾಸ ಎಲ್ಲ ಇಲ್ಲ ಅಲ್ವಾ?"

"ಛೆ ಛೆ! ಎಲ್ಲ ಕಡೆ ಸಿಸಿಟಿವಿ ಉಂಟು."

"ಅದು ಒಳ್ಳೆಯದಾಯಿತು. ಕೆಲಸ ಖಾಯಂ ಉಂಟಾ?"

ಇದಕ್ಕೆ ಮಾತ್ರ ಜೆಸಿಂತಾ ಮೇಡಂ ಬ್ರೋಶರ್ ಕೆಳಗಿಟ್ಟರು. ಪ್ರಶ್ನೆ ತನ್ನ ಬಗ್ಗೆ ಎಂದುಕೊಂಡರು, ಪಾಪ. "ಖಾಯಂ ಇಲ್ಲ ಅಜ್ಜಿ. ವರ್ಷ ವರ್ಷ ನೋಡಿ ಮುಂದುವರಿಸುವುದು" ಎಂದರು.

ನಾನು ಬಂದು ಬಿಡಿಸಿದೆ. "ಅತ್ತೆ, ಇದು ಸಂಬಂಧ ಅಲ್ಲ, ಕಾಲೇಜು."

ಅತ್ತೆ ಸ್ವಲ್ಪವೂ ಅಳುಕಲಿಲ್ಲ. "ಎರಡೂ ಒಂದೇ. ಸೇರಿಸುವ ಮೊದಲು ಕೇಳಬೇಕು. ಸೇರಿಸಿದ ಮೇಲೆ ಕೇಳಿ ಎಂತ ಪ್ರಯೋಜನ?"

ಅವರು ಕೇಳಿದ ಕೊನೆಯ ಪ್ರಶ್ನೆಯಿಂದಲೇ ವಿಷಯ ಹೊರಗೆ ಬಂತು. ಕಾಲೇಜಿನಲ್ಲಿ ಬಿಕಾಂಗೆ ಸೇರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಈ ಸಲ ತರಗತಿ ತುಂಬದಿದ್ದರೆ ವಿಭಾಗ ಮುಚ್ಚುತ್ತಾರೆ. ವಿಭಾಗ ಮುಚ್ಚಿದರೆ ಮೇಡಂಗೆ ಕೆಲಸವಿಲ್ಲ. ಹಾಗಾಗಿ ರಜೆಯಲ್ಲಿ ಸ್ಕೂಟರ್ ಹತ್ತಿ ಮನೆ ಮನೆಗೆ ಹೊರಟಿದ್ದಾರೆ.

ನನಗೆ ನಮ್ಮ ದೊಡ್ಡ ಭಾವನ ಕಾಲ ನೆನಪಾಯಿತು. ಆಗ ಬಿಕಾಂ ಸೀಟಿಗೆ ಶಿಫಾರಸು ಹಿಡಿದುಕೊಂಡು ಪ್ರಿನ್ಸಿಪಾಲರ ಕೋಣೆಯ ಹೊರಗೆ ನಿಲ್ಲಬೇಕಿತ್ತಂತೆ. ಯಾಕೆಂದರೆ ಬಿಕಾಂ ಎಂದರೆ ಬ್ಯಾಂಕು. ಬ್ಯಾಂಕು ಹುಟ್ಟಿಸಿದ ಊರು ನಮ್ಮದು, ಕೇಳಬೇಕೆ? ಅವರಿಗಿಂತ ಮೊದಲಿನವರಿಗೆ ಮುಂಬೈಯ ಹೋಟೆಲಿನಲ್ಲಿ ಸ್ಕೋಪ್ ಇತ್ತು. ನಂತರದವರಿಗೆ ಗಲ್ಫಿನಲ್ಲಿ. ಆಮೇಲೆ ಇಂಜಿನಿಯರಿಂಗಿಗೆ ಬಂತು. ಈಗ ಎಐಗೆ ಬಂದಿದೆಯಂತೆ. ನಮ್ಮ ಕಡೆ ಕಾಲೇಜು ಹುಡುಕುವುದು ಎಂದರೆ ಸ್ಕೋಪ್ ಹುಡುಕುವುದು. ಎಂತ ಕಲಿಯುತ್ತೀ ಎಂದು ಯಾರೂ ಕೇಳುವುದಿಲ್ಲ, ಯಾವುದಕ್ಕೆ ಸ್ಕೋಪ್ ಉಂಟು ಎಂದೇ ಕೇಳುವುದು. ಸ್ಕೋಪ್ ನಮಗಾಗಿ ಮೂರು ವರ್ಷ ಕಾಯುತ್ತದೆಯೇ? ಭಾವನ ಬ್ಯಾಂಕು ಇನ್ನೊಂದು ಬ್ಯಾಂಕಿಗೆ ಸೇರಿ ಬೋರ್ಡೇ ಬದಲಾಯಿತು. ಕೌಂಟರಿನ ಅರ್ಧ ಕೆಲಸವನ್ನು ಈಗ ಅತ್ತೆಯ ಮೊಬೈಲು ಮಾಡುತ್ತದೆ.

ನನ್ನ ಹಿಂದೆಯೇ ಬಂದಿದ್ದ ದೀಕ್ಷಾ ಇಷ್ಟು ಹೊತ್ತು ಬ್ರೋಶರ್ ತಿರುವುತ್ತಿದ್ದಳು. ಅದನ್ನು ಮುಚ್ಚಿಟ್ಟು ಕೇಳಿದಳು.

"ಮೇಡಂ, ನಿಮ್ಮ ಸ್ವಂತ ತಂಗಿ ಆಗಿದ್ದರೆ ಇದೇ ಕಾಲೇಜಿಗೆ ಸೇರಿಸ್ತಿದ್ರಾ?"

ನಾನು ಅವಳನ್ನು ಗದರಿಸುವ ಕಣ್ಣಿನಿಂದ ನೋಡಿದೆ. (ಉತ್ತರ ಕೇಳುವ ಆಸೆ ನನಗೂ ಇತ್ತು.)

"ತಂಗಿ ಇದ್ದಾಳೆ. ಮಣಿಪಾಲದಲ್ಲಿ ನರ್ಸಿಂಗ್ ಮಾಡ್ತಾಳೆ. ಈಗಲೇ ಜರ್ಮನ್ ಕಲಿಯಲಿಕ್ಕೆ ಶುರು ಮಾಡಿದ್ದಾಳೆ" ಎಂದರು ಮೇಡಂ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಆಮೇಲೆ ಸ್ವಲ್ಪ ಗಟ್ಟಿಯಾಗಿ, "ಆದ್ರೆ ಒಂದು ಮಾತು ಹೇಳ್ತೇನೆ. ನಾನು ಪಾಠ ಚೆನ್ನಾಗಿ ಮಾಡ್ತೇನೆ" ಎಂದರು.

"ಹಾಗಾದ್ರೆ ಒಂದು ಡೌಟ್ ಉಂಟು" ಎಂದಳು ನನ್ನ ಮಗಳು. ಬ್ಯಾಲೆನ್ಸ್ ಶೀಟಿನಲ್ಲಿ ಮಾಲೀಕ ಹಾಕಿದ ಬಂಡವಾಳವನ್ನು ಸಾಲಗಳ ಜೊತೆ ಯಾಕೆ ಬರೆಯುವುದು? ಅವನ ದುಡ್ಡು ಅವನಿಗೆ ಹೇಗೆ ಸಾಲವಾಗುತ್ತದೆ? ಅಕೌಂಟ್ಸಿನಲ್ಲಿ ನೂರಕ್ಕೆ ನೂರು ತೆಗೆದ ಹುಡುಗಿಯ ಡೌಟು ಇದು! ಎರಡು ವರ್ಷ ಕೇಳಿದ್ದಕ್ಕೆಲ್ಲ "ಅದು ಹಾಗೆಯೇ, ಬರೆದುಕೊಳ್ಳಿ" ಎಂಬ ಉತ್ತರವಂತೆ.

ಮೇಡಂ ಬ್ರೋಶರ್ ಬದಿಗೆ ಸರಿಸಿ ಕುರ್ಚಿ ಮುಂದೆ ಎಳೆದುಕೊಂಡರು. "ನಿನ್ನ ಅಪ್ಪನಿಗೆ ಹಾರ್ಡ್‌ವೇರ್ ಅಂಗಡಿ ಉಂಟು ಅಂತ ಹೇಳಿದ್ದಿ ಅಲ್ವಾ? ಅಂಗಡಿ ಬೇರೆ, ಅಪ್ಪ ಬೇರೆ. ಲೆಕ್ಕ ಬರೆಯುವುದು ಅಂಗಡಿಯದ್ದು, ಅಪ್ಪನದ್ದಲ್ಲ. ನಾಳೆ ಬಾಗಿಲು ಹಾಕಿದ್ರೆ ಅಪ್ಪ ಹಾಕಿದ ದುಡ್ಡನ್ನು ಅಂಗಡಿ ಅಪ್ಪನಿಗೆ ಹಿಂದೆ ಕೊಡಬೇಕು. ಮತ್ತೆ ಅದು ಸಾಲ ಅಲ್ಲದೆ ಎಂತ?"

ದೀಕ್ಷಾ "ಓ!" ಎಂದಳು. ಆ "ಓ" ನಾನು ಅವಳ ಬಾಯಿಯಿಂದ ತುಂಬಾ ದಿನ ಕೇಳಿರಲಿಲ್ಲ. ಆಮೇಲೆ ಇನ್ನೊಂದು ಡೌಟು ಬಂತು, ಅದರ ಬಾಲ ಹಿಡಿದು ಮತ್ತೊಂದು. ಮೇಡಂ ಹೋಗುವಾಗ ಬಿಸಿಲು ಇಳಿದಿತ್ತು. ಅಡ್ಮಿಷನ್ ವಿಷಯ ಇಬ್ಬರೂ ಮರೆತೇ ಬಿಟ್ಟಿದ್ದರು.

ರಾತ್ರಿ ಊಟಕ್ಕೆ ಕುಳಿತಾಗ ಯಜಮಾನರಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಬೇಸರವಾದದ್ದು ಬೇರೆಯೇ ಕಾರಣಕ್ಕೆ. "ಅಂಗಡಿ ಬೇರೆ, ನಾನು ಬೇರೆಯಾ? ಊಟ ಬಿಟ್ಟು ಅಲ್ಲಿ ಕೂತುಕೊಳ್ಳುವುದು ಮತ್ತೆ ಯಾರು?"

ಶನಿವಾರ ಅವರೇ ನಮ್ಮನ್ನು ಉಡುಪಿಯ ಕಡೆಯ ಇನ್ನೊಂದು ಕಾಲೇಜಿಗೆ ಕರೆದುಕೊಂಡು ಹೋದರು. ಹೊಸ ಕಟ್ಟಡ, ಗಾಜಿನ ಬಾಗಿಲು, ಎಸಿ. ಬಿಕಾಂಗೆ ಅಲ್ಲಿ ಉದ್ದದ ಹೆಸರು: ಹಿಂದೆ ಅನಾಲಿಟಿಕ್ಸ್, ಮುಂದೆ ಗ್ಲೋಬಲ್. ಕೌನ್ಸೆಲರ್ ಎಂಬ ಹುಡುಗ ಪರದೆಯ ಮೇಲೆ ಈಜುಕೊಳ ತೋರಿಸಿದ, ಕ್ಯಾಂಟೀನ್ ತೋರಿಸಿದ, ಕಂಪನಿಗಳ ಲೋಗೋಗಳನ್ನು ತೋರಿಸಿದ. ಯಜಮಾನರು ಕಂಪನಿಗಳನ್ನು ನೋಡಿ ತಲೆದೂಗಿದರು. ಸುಳ್ಳು ಯಾಕೆ, ನನಗೂ ಮನಸ್ಸಾಯಿತು. ಹಾಗೆ ನೋಡಿದರೆ ಯಾವ ತಾಯಿಗೆ ಆಗದು?

ದೀಕ್ಷಾ ಕೇಳಿದ್ದು ಒಂದೇ. "ಅಕೌಂಟ್ಸ್ ಯಾರು ಮಾಡುವುದು?"

ಹುಡುಗ ತಡವರಿಸಿದ. "ಫ್ಯಾಕಲ್ಟಿ ನೇಮಕ ಆಗ್ತಾ ಉಂಟು. ಬೆಸ್ಟ್ ಜನ ಬರ್ತಾರೆ."

ಅವನ ತಪ್ಪೇನಿಲ್ಲ. ಆ ಪ್ರಶ್ನೆಯನ್ನು ಅವನಿಗೆ ಮೊದಲು ಯಾರೂ ಕೇಳಿರಲಿಕ್ಕಿಲ್ಲ. ನಾವು ಬಸ್ ಕೇಳುತ್ತೇವೆ, ಹಾಸ್ಟೆಲ್ ಕೇಳುತ್ತೇವೆ, ಪ್ಲೇಸ್‌ಮೆಂಟ್ ಕೇಳುತ್ತೇವೆ. ಮೂರು ವರ್ಷ ಮಕ್ಕಳ ಎದುರು ನಿಂತು ಮಾತಾಡುವವರು ಯಾರು ಎಂದು ಕೇಳುವುದೇ ಇಲ್ಲ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವ ಜನ ನಾವು!

ಕಾರಿನಲ್ಲಿ ಜಗಳ ಶುರುವಾಯಿತು.

"ನನಗೆ ಜೆಸಿಂತಾ ಮೇಡಂ ಕಾಲೇಜೇ ಆಗಬೇಕು."

"ಯಾರೋ ಒಬ್ಬ ಮೇಡಂ ಉಂಟು ಅಂತ ಕಾಲೇಜು ಸೇರುವುದಾ? ಅದಕ್ಕೆ ಎಂತ ಸ್ಕೋಪ್ ಉಂಟು?"

"ಮೂರು ವರ್ಷ ಆದ ಮೇಲೆ ಯಾವುದಕ್ಕೆ ಇರ್ತದೆ ಅಂತ ನಿಮಗೆ ಗೊತ್ತುಂಟಾ ಅಪ್ಪ?"

ಯಜಮಾನರು ಹಾರನ್ ಹೊಡೆದರು. ಎದುರಿಗೆ ಯಾವ ಗಾಡಿಯೂ ಇರಲಿಲ್ಲ.

ಅವರ ಹೆದರಿಕೆ ಸುಳ್ಳಲ್ಲ. ಒಬ್ಬಳೇ ಮಗಳು, ಮೂರು ವರ್ಷ ಹೋದರೆ ಹೋಯಿತು. ನನಗೂ ಹೆದರಿಕೆಯೇ. ಆದರೂ ನಾನು ಮಗಳ ಪರ ನಿಂತೆ. ಅರ್ಥವಾದದ್ದನ್ನು ಹಿಡಿದುಕೊಂಡು ಯಾವ ಕೆಲಸಕ್ಕಾದರೂ ಹೋಗಬಹುದು. ಈಜುಕೊಳವನ್ನು ಹಿಡಿದುಕೊಂಡು ಎಲ್ಲಿಗೆ ಹೋಗುವುದು?

ಭಾನುವಾರ ಬೆಳಿಗ್ಗೆ ಯಜಮಾನರು, "ಆಗಲಿ, ನಿನ್ನ ಇಷ್ಟ" ಎಂದರು. ಅತ್ತೆ ಪಕ್ಕದಿಂದ, "ಆ ಹೆಣ್ಣು ಸುಳ್ಳು ಹೇಳುವುದಿಲ್ಲ, ಸೇರಿಸಿ" ಎಂದು ಮುದ್ರೆ ಒತ್ತಿದರು. ದೀಕ್ಷಾ ಕೂಡಲೇ ಮೇಡಂಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

ಮೇಡಂಗೆ ಸಂತೋಷವಾದದ್ದು ಧ್ವನಿಯಲ್ಲೇ ಗೊತ್ತಾಯಿತು. ಆದರೆ ಆ ಹೆಂಗಸಿಗೆ ಸತ್ಯ ಹೇಳುವ ಕಾಯಿಲೆ ಉಂಟಲ್ಲ? "ನೀನು ಬಂದ್ರೆ ತುಂಬಾ ಖುಷಿ ದೀಕ್ಷಾ. ಆದ್ರೆ ಒಬ್ಬಳಿಂದ ಕ್ಲಾಸ್ ಆಗುವುದಿಲ್ಲ. ಇನ್ನೂ ಕೆಲವರು ಸೇರಿದ್ರೆ ಮಾತ್ರ ನಾನು ಇರ್ತೇನೆ. ಇಲ್ಲದಿದ್ರೆ ಮಣಿಪಾಲದಲ್ಲಿ ಒಂದು ಆಫೀಸಿನಲ್ಲಿ ಬಿಲ್ಲಿಂಗ್ ಕೆಲಸ ನೋಡಿಟ್ಟಿದ್ದೇನೆ. ನೀನು ಯೋಚನೆ ಮಾಡಿ ಸೇರು."

ಅಂದರೆ ಮಕ್ಕಳು ಬಂದರೆ ಮೇಡಂ ಇರುತ್ತಾರೆ. ಮೇಡಂ ಇದ್ದರೆ ಮಾತ್ರ ಮಕ್ಕಳು ಬರುತ್ತಾರೆ. ಮೊದಲು ಯಾರು?

ಫೋನ್ ಇಟ್ಟ ಮೇಲೆ ಯಜಮಾನರು ನನ್ನ ಮುಖ ನೋಡಿದರು. "ನಾನು ಹೇಳಲಿಲ್ವಾ" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ದೀಕ್ಷಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುತ್ತಿದ್ದಾಳೆ ಎಂದು ಕಿವಿಗೊಟ್ಟರೆ, ಒಳಗಿನಿಂದ ಬೇರೆಯೇ ಮಾತು ಕೇಳಿಸಿತು. ಪಡುಬಿದ್ರಿಯ ಗೆಳತಿಗೆ ಫೋನ್.

"ಏ, ನೀನು ಎಲ್ಲಿಯೂ ಫೀಸ್ ಕಟ್ಟಲಿಲ್ಲ ಅಲ್ವಾ? ಕಟ್ಟಬೇಡ ಮಾರಾಯ್ತಿ. ಒಬ್ಬರು ಮೇಡಂ ಇದ್ದಾರೆ, ಒಮ್ಮೆ ಅವರ ಪಾಠ ಕೇಳು. ಬ್ಯಾಲೆನ್ಸ್ ಶೀಟಿನಲ್ಲಿ ಕ್ಯಾಪಿಟಲ್ ಯಾಕೆ ಆ ಕಡೆ ಬರ್ತದೆ, ನಿನಗೆ ಗೊತ್ತುಂಟಾ?"

ಇವತ್ತಿಗೆ ಇಬ್ಬರು ಒಪ್ಪಿದ್ದಾರೆ. ಒಬ್ಬಳ ಅಪ್ಪನನ್ನು ಒಪ್ಪಿಸುವ ಕೆಲಸ ಬಾಕಿ ಇದೆ. ಅದನ್ನು ಯಜಮಾನರು ವಹಿಸಿಕೊಂಡಿದ್ದಾರೆ, ಯಾಕೆಂದರೆ ಆ ಅಪ್ಪ ನಮ್ಮ ಅಂಗಡಿಯ ಗಿರಾಕಿ. ಆದರೂ ತರಗತಿ ತುಂಬಲು ಇದು ಎಲ್ಲಿಗೂ ಸಾಲದು.

ಅದಿರಲಿ, ನಿಮ್ಮ ಮನೆಯಲ್ಲಿ ಈ ಸಲ ಪಿಯುಸಿ ಮುಗಿಸಿದವರು ಯಾರಾದರೂ ಇದ್ದಾರಾ?