ಪ್ರಸಾದ ಊಟವಲ್ಲ

ತಮ್ಮನಿಗೆ ನನ್ನ ಒಂದು ಕಿಡ್ನಿ ಕೊಡುವುದೆಂದು ತೀರ್ಮಾನವಾದಾಗ ಮುನಿಸಿಕೊಂಡವಳು ಅಮ್ಮ. ಅವಳಿಗೆ ಸಕ್ಕರೆ ಕಾಯಿಲೆ, ಅವಳದ್ದು ಬೇಡವೆಂದು ಡಾಕ್ಟರು ಹೇಳಿದ್ದರು. ಹೆತ್ತವಳದ್ದು ಬೇಡವಂತೆ, ಅಕ್ಕನದ್ದು ಬೇಕಂತೆ ಎಂದು ಪದ್ಮನಾಭನಗರದ ತರಕಾರಿ ಗಾಡಿಯವನ ಹತ್ತಿರವೂ ದೂರು ಹೇಳಿದ್ದಳು.

ಆಪರೇಷನ್ ದಿನ ಜಯನಗರದ ಆಸ್ಪತ್ರೆಯಲ್ಲಿ ಹಸಿರು ಗೌನು ತೊಟ್ಟು ಕೂತಿದ್ದೆ. ರಾತ್ರಿಯಿಂದ ಏನೂ ತಿನ್ನಬಾರದೆಂದು ಅಪ್ಪಣೆಯಾಗಿತ್ತು. ಬನಶಂಕರಿ ದೇವಸ್ಥಾನದಿಂದ ನೇರವಾಗಿ ಬಂದ ಅಮ್ಮ ನನ್ನ ಹಣೆಗೆ ಕುಂಕುಮವಿಟ್ಟು, "ಬಾಯಿ ತೆಗಿ" ಎಂದಳು. ಹುಟ್ಟಿನಿಂದ ಬಂದ ಅಭ್ಯಾಸ, ತೆಗೆದೆ. ದೊನ್ನೆ ತುಂಬ ಇದ್ದ ತುಪ್ಪದ ಪೊಂಗಲ್ ಒಳಗಿಳಿಯಿತು.

ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದು, "ಏನಾದ್ರೂ ತಿಂದ್ರಾ?" ಎಂದರು.

"ಇಲ್ಲ ಮೇಡಂ" ಎಂದೆ, ಪ್ರಾಮಾಣಿಕವಾಗಿಯೇ.

"ಬರೀ ಪ್ರಸಾದ" ಎಂದಳು ಅಮ್ಮ.

ನಮ್ಮಲ್ಲಿ ಪ್ರಸಾದ ಊಟದ ಲೆಕ್ಕಕ್ಕೆ ಬರುವುದಿಲ್ಲ. ಡಾಕ್ಟರಮ್ಮನ ಮನೆಯಲ್ಲೂ ಹಾಗೆಯೇ ಇರಬೇಕು, ತಕ್ಷಣ, "ಪೊಂಗಲ್ಲಾ, ಪುಳಿಯೋಗರೆನಾ?" ಎಂದು ಕೇಳಿದರು. ಉತ್ತರ ಕೇಳಿ ತಲೆಯ ಟೋಪಿ ತೆಗೆದುಬಿಟ್ಟರು.

"ಮಂಪರಲ್ಲಿ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಅಪಾಯ ಅಮ್ಮ. ದೇವರ ಪೊಂಗಲ್ಲಾದ್ರೂ ಅಷ್ಟೇ. ನಾಳೆ ಮಾಡೋಣ."

ಪಕ್ಕದ ರೂಮಿನ ತಮ್ಮ, "ಗೋಡಂಬಿ ಇತ್ತಾ?" ಎಂದಷ್ಟೇ ಕೇಳಿದ. ಮೂತ್ರವೇ ನಿಂತುಹೋಗಿ ಮತ್ತೆ ಡಯಾಲಿಸಿಸ್‌ಗೆ ಹೋಗಬೇಕಾದವನು ಅವನು, ಸಿಟ್ಟು ನೆತ್ತಿಗೇರಿದ್ದು ನನಗೆ. ಅಮ್ಮನನ್ನು ಚೆನ್ನಾಗಿ ಬೈದೆ.

"ಅವನಿಗೆ ನೀನು ಕೊಡ್ತೀಯ. ನಿಂಗೆ ನಾನು ಏನ್ ಕೊಡ್ಲಿ ಮತ್ತೆ?" ಎಂದಳು.

ಮರುದಿನ ಅಮ್ಮ ಬರಿಗೈಯಲ್ಲಿ ಬಂದಳು. ಡಾಕ್ಟರಮ್ಮ ನನ್ನನ್ನು ಬಿಟ್ಟು ಅವಳನ್ನೇ ವಿಚಾರಿಸಿದರು.

"ಹನಿ ನೀರೂ ಕೊಟ್ಟಿಲ್ಲ. ನಾನೂ ಏನೂ ಮುಟ್ಟಿಲ್ಲ. ಮಕ್ಕಳಿಬ್ರೂ ಖಾಲಿ ಹೊಟ್ಟೇಲಿ ಹೋಗ್ತಿದಾರೆ, ನಂಗೆ ಹೇಗೆ ಇಳಿಯುತ್ತೆ?"

ಸಕ್ಕರೆ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದ್ದಳು. ಖಾಲಿ ಹೊಟ್ಟೆಗೆ ಮಾತ್ರೆ ಬಿದ್ದು ಮೈಯಲ್ಲಿ ಸಕ್ಕರೆ ಇಳಿದು ಅವಳ ಕೈ ನಡುಗುತ್ತಿತ್ತು. ಡಾಕ್ಟರಮ್ಮ ಸಕ್ಕರೆ ಹಾಕಿದ ಕಾಫಿ, ಇಡ್ಲಿ ತರಿಸಿ, "ನೀವು ತಿನ್ನೋ ತನಕ ಇವರನ್ನ ಒಳಗೆ ಕರ್ಕೊಂಡು ಹೋಗಲ್ಲ" ಎಂದು ನನ್ನ ಸ್ಟ್ರೆಚರ್ ಹಿಡಿದು ನಿಂತರು. ಅಮ್ಮ ಅಳುತ್ತಳುತ್ತಾ ತಿಂದಳು. ಚಟ್ನಿ ನೀರಾಗಿದೆ ಎಂದೂ ಹೇಳಿದಳು.

ನನಗೆ ಎಚ್ಚರವಾದಾಗ ಪಕ್ಕೆ ಉರಿಯುತ್ತಿತ್ತು, ಗಂಟಲು ಒಣಗಿತ್ತು. ಅಮ್ಮ ನನ್ನ ಕಿವಿಯ ಹತ್ತಿರ ಬಾಗಿ, ಮನೆಯಲ್ಲಿ ಮಗು ಹುಟ್ಟಿದ ಸುದ್ದಿ ಹೇಳುವವಳ ಹಾಗೆ, "ನಿನ್ ತಮ್ಮ ಉಚ್ಚೆ ಹೊಯ್ದ ಕಣೇ" ಎಂದಳು.