ಹ್ವಾಯ್ ಅಂದದ್ದಕ್ಕೆ ಚೆಂಡು ಹಾರಿತು

ಕಳೆದ ಭಾನುವಾರ ಬ್ರಹ್ಮಾವರದ ಮೈದಾನದಲ್ಲಿ ನಾನು ಒಂದೇ ಒಂದು ಶಬ್ದ ಕೂಗಿದೆ. ಅಷ್ಟಕ್ಕೇ ಆಟ ಕೆಟ್ಟಿತು. ಅದೂ ಯಾರದ್ದು? ನನ್ನ ಮೊಮ್ಮಗಳ ಟೀಮಿನದ್ದು!

ಬೈದದ್ದಲ್ಲ. ಶಾಪ ಹಾಕಿದ್ದಲ್ಲ. ಬರೀ "ಹ್ವಾಯ್" ಅಂದೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳುತ್ತೇನೆ, "ರೀ, ಸ್ವಲ್ಪ ಇಲ್ಲಿ ನೋಡಿ" ಅಂತ ಕರೆಯಲು ನಾವು ಬಳಸುವ ಶಬ್ದ ಅದು. ಮರ್ಯಾದೆಯ ಶಬ್ದವೇ. ಆದರೆ ನಾನು ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರಿದವಳು. ನನ್ನ ಬಾಯಿಂದ ಹೊರಟರೆ ಅದು ಸ್ವಲ್ಪ ದೂರ ಹೋಗುತ್ತದೆ.

ಮೊಮ್ಮಗಳ ಹೆಸರು ಶ್ರಾವ್ಯ. ಬೀಜಾಡಿಯ ನಮ್ಮ ಮನೆಯಿಂದಲೇ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅವಳು ಆಡುವುದು ಅಮೆರಿಕನ್ ಫುಟ್‌ಬಾಲ್. ಹೆಸರು ಫುಟ್‌ಬಾಲ್, ಆಡುವುದು ಪೂರಾ ಕೈಯಲ್ಲಿ! ಚೆಂಡಾದರೂ ಉರುಟಾಗಿದೆಯಾ? ಅದೂ ಇಲ್ಲ. ಎರಡೂ ತುದಿ ಚೂಪು, ಸಣ್ಣ ಪಪ್ಪಾಯಿಯ ಹಾಗೆ. ನಮ್ಮ ದೇಶದಲ್ಲಿ ಇದನ್ನು ಆಡುವವರೇ ಕಡಿಮೆ. ಅಂಥದ್ದಕ್ಕೂ ಹುಡುಗಿಯರದ್ದೇ ಒಂದು ಲೀಗ್ ಶುರುವಾಗಿದೆ. ಒಂದೊಂದು ಸಲ ಒಂದೊಂದು ಊರಿನಲ್ಲಿ ಆಟ. ಈ ಸಲ ಬ್ರಹ್ಮಾವರ. (ನೋಡಲು ಬಂದವರಲ್ಲಿ ಅರ್ಧ ಜನ ಆಡುವವರ ಮನೆಯವರು. ಉಳಿದವರು ಕ್ರಿಕೆಟ್ ಅಂದುಕೊಂಡು ಬಂದವರು.)

ಆಟದ ಕತೆಗೆ ಮೊದಲು ಮನೆಯ ಕತೆ ಸ್ವಲ್ಪ ಹೇಳಬೇಕು.

ಶ್ರಾವ್ಯ ಸಣ್ಣವಳಿದ್ದಾಗ ಥೇಟ್ ನನ್ನ ಹಾಗೆಯೇ ಮಾತಾಡುತ್ತಿದ್ದಳು. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು "ಅಜ್ಜಿ, ಹೋಪ?" ಅನ್ನುತ್ತಿದ್ದಳು. ಕಾಲೇಜು ಸೇರಿದ ಹೊಸತರಲ್ಲಿ ಕ್ಲಾಸಿನಲ್ಲಿ ಬಾಯಿತಪ್ಪಿ "ನಾನ್ ಆಗ್ಳೇ ಬಂದಿದ್ದೆ" ಅಂದಳಂತೆ. ಎಲ್ಲರೂ ನಕ್ಕರಂತೆ. ಅಲ್ಲಿಗೆ ಮುಗಿಯಿತು. ಮನೆಯಲ್ಲೂ ಪೇಟೆಯ ಕನ್ನಡ. ಯಾವಾಗಲೂ "ನೀ" ಅನ್ನುತ್ತಿದ್ದವಳು ನನಗೂ "ನೀವು" ಅನ್ನಲು ಶುರು ಮಾಡಿದಳು.

ಸೊಸೆ ಸುಮತಿಗೆ ಖುಷಿಯೋ ಖುಷಿ. "ಅತ್ತೆ, ನೀವೂ ಅವ್ಳ್ ಹತ್ರ ಸರಿ ಕನ್ನಡ ಮಾತಾಡಿ. ನಾಳೆ ಅವ್ಳಿಗ್ ಇಂಟರ್‌ವ್ಯೂ ಎಲ್ಲ ಇತ್ತಲ್ದಾ?" ಅನ್ನುತ್ತಾಳೆ. (ಇದನ್ನು ಯಾವ ಕನ್ನಡದಲ್ಲಿ ಹೇಳಿದಳು ಅಂತ ಅವಳಿಗೇ ಗೊತ್ತಿಲ್ಲ, ಪಾಪ.)

ನನ್ನ ಬೇಸರ ಬರೀ ಮಾತಿನದ್ದಲ್ಲ. ನನ್ನ ಮಾತು ಅವಳಿಗೆ ನಾಚಿಕೆಯಾದರೆ ನಾನೂ ನಾಚಿಕೆಯೇ ಅಲ್ಲವೇ? ಇದನ್ನು ಕೇಳುವುದು ಹೇಗೆ? ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಸೀರೆ ಉಟ್ಟು ತಯಾರಾಗಿ ನಿಂತಾಗ ಶ್ರಾವ್ಯ ಮೆಲ್ಲಗೆ ಕೇಳಿದಳು, "ಅಜ್ಜಿ, ನೀವು ಬರಲೇಬೇಕಾ? ತುಂಬಾ ಬಿಸಿಲಿದೆ."

"ಬಿಸ್ಲ್ ನಂಗ್ ಹೊಸ್ತಾ?"

"ಹಾಗಲ್ಲ. ಅಲ್ಲಿ ನನ್ನ ಹೆಸರು ಹಿಡಿದು ಕೂಗಬೇಡಿ, ಪ್ಲೀಸ್."

"ಆಯ್ತ್ ಮಗಾ. ನಿನ್ ಹೆಸ್ರ್ ಎತ್ತೂದಿಲ್ಲ."

ಕೊಟ್ಟ ಮಾತಿಗೆ ನಾನು ತಪ್ಪಲಿಲ್ಲ ನೋಡಿ. ಹೆಸರು ಎತ್ತಲೇ ಇಲ್ಲ!

ಮಗ ರಮೇಶ ಕಾರಿನಲ್ಲಿ ಕರೆದುಕೊಂಡು ಹೋದ. ಸಾಸ್ತಾನದ ಟೋಲ್ ದಾಟುವಷ್ಟರಲ್ಲಿ ಆಟದ ನಿಯಮ ಹೇಳಿ ಮುಗಿಸಿದ. ಎಲ್ಲರ ಸೊಂಟಕ್ಕೂ ರಿಬ್ಬನ್ ನೇತು ಹಾಕಿರುತ್ತಾರೆ. ಚೆಂಡು ಹಿಡಿದು ಓಡುವವಳ ರಿಬ್ಬನ್ ಕಿತ್ತರೆ ಅವಳು ಅಲ್ಲೇ ನಿಲ್ಲಬೇಕು. ಸಿಗದೆ ಕೊನೆಯ ಗೆರೆ ದಾಟಿದರೆ ಅಂಕ. ಒಬ್ಬಳು ಬಗ್ಗಿ ನಿಂತು ಚೆಂಡನ್ನು ಕಾಲಿನ ಸಂದಿಯಿಂದ ಹಿಂದಕ್ಕೆ ಬಿಡುತ್ತಾಳೆ. ಹಿಂದೆ ನಿಂತ ಶ್ರಾವ್ಯ ಅದನ್ನು ಹಿಡಿದು, ಮುಂದೆ ಓಡುತ್ತಿರುವವಳಿಗೆ ಎಸೆಯಬೇಕು. ನೆಲಕ್ಕೆ ಬಿದ್ದರೆ ಆ ಸರದಿ ಹೋಯಿತು. ಸರದಿ ನಾಲ್ಕೇ.

ಎದುರಿನದ್ದು ಗೋವಾದ ಟೀಮು. ಗೆದ್ದವರಿಗೆ ಮಾತ್ರ ಮುಂದಿನ ಸುತ್ತು. ಆಟ ಮುಗಿಯುತ್ತ ಬಂದಾಗ ಅವರು ಸ್ವಲ್ಪ ಮುಂದಿದ್ದರು. ನಮ್ಮವರಿಗೆ ಎರಡು ಸರದಿ ಬಾಕಿ, ಒಂದು ಸಲ ಗೆರೆ ದಾಟಿದರೆ ಸಾಕು. ಬಗ್ಗಿ ನಿಂತವಳು ಪಂಜಾಬಿನ ಹುಡುಗಿ ಹರ್‌ಪ್ರೀತ್, ಹಾಸ್ಟೆಲಿನವಳು. ಶ್ರಾವ್ಯ ಪಕ್ಕಕ್ಕೆ ತಿರುಗಿ ಇನ್ನೊಬ್ಬಳಿಗೆ ಎಲ್ಲಿ ನಿಲ್ಲಬೇಕು ಅಂತ ತೋರಿಸುತ್ತಿದ್ದಳು. ಮೈದಾನವಿಡೀ ಗಪ್‌ಚಿಪ್.

ಆಗಲೇ ನನ್ನ ಎದುರಿಗೆ ಒಬ್ಬರು ಬಂದು ಕೊಡೆ ಬಿಡಿಸಬೇಕಾ?

"ಹ್ವಾಯ್! ಕೊಡೆ ಮಡ್ಸಿ! ಎಂತದೂ ಕಾಣ್ತಿಲ್ಲ!"

ಅವರು ಕೊಡೆ ಮಡಚಿದರು. ನೋಡಿದರೆ ಹರ್‌ಪ್ರೀತ್ ಚೆಂಡು ಬಿಟ್ಟಾಗಿದೆ! ಅದು ಶ್ರಾವ್ಯಳ ಕಿವಿಯ ಪಕ್ಕದಲ್ಲೇ ಹಾರಿ ಹಿಂದೆ ನೆಲಕ್ಕೆ ಬಿತ್ತು. ಪೀಪಿ ಊದಿದರು. ಸರದಿ ಹೋಯಿತು. ಗೋವಾದ ಹುಡುಗಿಯರು ಬಿದ್ದು ಬಿದ್ದು ನಕ್ಕರು.

"ಅಮ್ಮಾ, ಎಂತ ಮಾಡ್ದೆ ನೀನ್!" ರಮೇಶ ತಲೆಗೆ ಕೈ ಕೊಟ್ಟ.

"ಎಂತ ಮಾಡ್ದೆ? ಕೊಡೆ ಮಡ್ಸಿ ಅಂದೆ."

"ಅದಲ್ಲ. ಹ್ವಾಯ್ ಅಂದ್ಯಲೆ! ಅದ್ ಅವ್ರ್ ಕೋಡ್‌ವರ್ಡ್. ಇವ್ಳ್ ಹ್ವಾಯ್ ಅಂದ್ ಕೂಡ್ಲೆ ಅವ್ಳ್ ಚೆಂಡ್ ಬಿಡೂದ್."

ಬೇರೆ ಟೀಮಿನವರೆಲ್ಲ ಒಂದೇ ಇಂಗ್ಲಿಷ್ ಶಬ್ದ ಕೂಗುತ್ತಾರಂತೆ. ಎದುರಿನವರೂ ಅದನ್ನೇ ಕೂಗಿ ಮೋಸ ಮಾಡುತ್ತಾರಂತೆ. ಅದಕ್ಕೇ ಯಾರೂ ಬಳಸದ ಶಬ್ದವೊಂದು ಬೇಕಿತ್ತಂತೆ. ಕೊಟ್ಟವಳು ಶ್ರಾವ್ಯ. (ಅಷ್ಟು ಹೊತ್ತೂ ಜನರ ಗಲಾಟೆಯಲ್ಲಿ ಅವಳ ಕೂಗು ನನ್ನ ಕಿವಿಗೆ ಬಿದ್ದಿರಲಿಲ್ಲ.)

ನಾನು ಕೂತಲ್ಲೇ ಕೂತೆ. ನಗಬೇಕಾ, ಅಳಬೇಕಾ? ಮನೆಯಲ್ಲಿ ಬಿಟ್ಟ ಶಬ್ದವನ್ನು ಮೈದಾನಕ್ಕೆ ಒಯ್ದಿದ್ದಾಳೆ. ಅದನ್ನು ನಾನೇ ಹಾಳು ಮಾಡಿದೆ. ಶ್ರಾವ್ಯ ಜನರ ಕಡೆ ತಿರುಗಿ ನೋಡಿದಳು. ಕೂಗಿದ್ದು ಯಾರು ಅಂತ ಅವಳಿಗೆ ಬೇರೆ ಹೇಳಬೇಕಾ? ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಸೋತರೆ ಸೋಲಲಿ. ಇನ್ನು ಇವಳು ನನ್ನನ್ನು ನಾಲ್ಕು ಜನರ ಎದುರಿಗೆ ಅಜ್ಜಿ ಅಂತ ಕರೆಯುತ್ತಾಳಾ?

ಕೊನೆಯ ಸರದಿ. ನಮ್ಮ ಹುಡುಗಿಯರು ತಲೆಗೆ ತಲೆ ಕೊಟ್ಟು ಏನೋ ಗುಸುಗುಸು ಮಾಡಿದರು. ಸಾಲಾಗಿ ನಿಂತರು. ಶ್ರಾವ್ಯ ಕೂಗಿದಳು.

"ಹ್ವಾಯ್!"

ಗೋವಾದವರು ದಬದಬ ನುಗ್ಗಿ ಬಂದರು. (ಈ ಶಬ್ದಕ್ಕೇ ಚೆಂಡು ಬಿಡುವುದು ಅಂತ ಅವರಿಗೂ ಈಗ ಗೊತ್ತಾಗಿತ್ತು.) ಆದರೆ ನಮ್ಮವರು? ಕಲ್ಲಿನ ಹಾಗೆ ನಿಂತಿದ್ದರು. ಹರ್‌ಪ್ರೀತಳ ಕೈಯಲ್ಲಿ ಚೆಂಡು ಹಾಗೇ ಇತ್ತು! ಪೀಪಿ. ಚೆಂಡು ಬಿಡುವ ಮೊದಲೇ ನಮ್ಮ ಕಡೆಗೆ ನುಗ್ಗಿದ್ದು ಅವರ ತಪ್ಪು ಅಂತಾಯಿತು. ನಮ್ಮ ಸರದಿ ಉಳಿಯಿತು. ಚೆಂಡನ್ನು ಇನ್ನೂ ಮುಂದಕ್ಕೆ ತಂದು ಇಟ್ಟರು.

ಮತ್ತೆ ನಿಂತರು. ಗೋವಾದವರು ಈಗ ಭಾರೀ ಜಾಗ್ರತೆ. ಶ್ರಾವ್ಯ ಅತ್ತ ನೋಡಿದಳು, ಇತ್ತ ನೋಡಿದಳು, ಗಂಟಲು ಹರಿಯುವ ಹಾಗೆ ಕೂಗಿದಳು.

"ಅಜ್ಜೀ!"

ನಾನು ಅರ್ಧ ಎದ್ದೇಬಿಟ್ಟೆ. "ಎಂತ ಮಗಾ?" ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಸೆರಗು ಬಾಯಲ್ಲಿದ್ದದ್ದು ಒಳ್ಳೆಯದಾಯಿತು! ಅಷ್ಟರಲ್ಲಿ ಹರ್‌ಪ್ರೀತ್ ಚೆಂಡು ಬಿಟ್ಟಿದ್ದಳು, ಶ್ರಾವ್ಯ ಹಿಡಿದಿದ್ದಳು, ಎಸೆದೂ ಆಗಿತ್ತು. ಮೂಲೆಯಲ್ಲಿ ಓಡುತ್ತಿದ್ದ ಸಣ್ಣ ಹುಡುಗಿಯೊಬ್ಬಳು ಎದೆಗವಚಿ ಹಿಡಿದು ಗೆರೆ ದಾಟಿದಳು. ರಿಬ್ಬನ್ ಯಾರ ಕೈಗೂ ಸಿಗಲಿಲ್ಲ.

ನಾನು ಕುಣಿದದ್ದನ್ನು ಇಲ್ಲಿ ಬರೆಯುವುದಿಲ್ಲ. ಕೊಡೆಯವರು ನೋಡಿದ್ದಾರೆ, ಸಾಕು.

ಶ್ರಾವ್ಯ ಬೆವರು ಸುರಿಸಿಕೊಂಡು ನನ್ನ ಹತ್ತಿರವೇ ಓಡಿ ಬಂದಳು. "ಎಂತಾ ಗಂಟ್ಲ್ ಅಜ್ಜಿ ನಿಂದ್! ನಾನ್ ಹೆದ್ರಿ ಸತ್ತೆ!"

ನಿಂದ್! ಕೇಳಿದಿರಾ? ನಿಮ್ಮದು ಅನ್ನಲಿಲ್ಲ!

"ಅಲ್ದಾ ಹೆಣ್ಣೇ, ನೀ ಕರ್ದದ್ದ್ ನನ್ನನ್ನಾ, ಚೆಂಡನ್ನಾ?"

"ಹೊಸ ಶಬ್ದ ಎಂತ ಅಂದೇಳಿ ಹರ್‌ಪ್ರೀತ್ ಕೇಂಡ್ಳ್. ಬಾಯಿಗ್ ಬಂದದ್ದ್ ಅದೇ."

ಹಿಂದೆಯೇ ಬಂದ ಹರ್‌ಪ್ರೀತ್ ಎರಡೂ ಕೈ ಜೋಡಿಸಿ, "ಹ್ವಾಯ್ ಅಜ್ಜಿ!" ಅಂದಳು. ಉಚ್ಚಾರ ಒಂಚೂರೂ ತಪ್ಪಲಿಲ್ಲ.

ಮನೆಗೆ ಬಂದರೆ ಸೊಸೆ ಮೊಬೈಲ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಅತ್ತೆ, ಇವ್ರ್ ಕಳ್ಸಿದ್ ವಿಡಿಯೊದಲ್ಲಿ ನಿಮ್ ಸ್ವರವೇ ಎಲ್ಲರ್ಗಿಂತ ಮೇಲಿತ್ತ್!" ಬೈದಳೋ ಹೊಗಳಿದಳೋ ನನಗೆ ತಿಳಿಯಲಿಲ್ಲ. ಆದರೆ ಆ ವಿಡಿಯೊವನ್ನು ತವರುಮನೆಗೆಲ್ಲ ಕಳಿಸಿದ್ದಾಳೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಈ ಅಂಕಣದ ಕಾಗುಣಿತವನ್ನು ಪತ್ರಿಕೆಯವರೇ ತಿದ್ದುತ್ತಾರೆ. ಈ ವಾರವೂ ತಿದ್ದಲಿ, ನನ್ನದೇನೂ ಅಡ್ಡಿಯಿಲ್ಲ. "ಹ್ವಾಯ್" ಒಂದನ್ನು ಮಾತ್ರ ಮುಟ್ಟಬೇಡಿ ಅಂದಿದ್ದೇನೆ.

ಹ್ವಾಯ್, ನಿಮ್ಮ ಮಕ್ಕಳ ಬಾಯಿಂದ ನೀವು ತಿದ್ದಿ ತೆಗೆದ ಶಬ್ದ ಈಗ ಯಾವ ಮೈದಾನದಲ್ಲಿ ಆಡುತ್ತಿದೆ ಅಂತ ಹೋಗಿ ನೋಡಿದ್ದೀರಾ?