ಮೂರು ವಾರಕ್ಕೊಂದು ಇಂಜೆಕ್ಷನ್

ಮಕ್ಕಳ ಎದೆಗೆ ಸ್ಟೆತಸ್ಕೋಪ್ ಇಡುವ ಮೊದಲು ಡಾಕ್ಟರಮ್ಮ ಕನ್ನಡಕ ತೆಗೆದು ಅದರ ಒಂದು ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು. ಆಮೇಲೆ ಕಣ್ಣು ಮುಚ್ಚುತ್ತಿದ್ದರು. ಕಚ್ಚಿ ಕಚ್ಚಿ ಕಡ್ಡಿಯ ತುದಿ ಜಜ್ಜಿಹೋಗಿ, ಕನ್ನಡಕ ಸದಾ ಎಡಕ್ಕೆ ವಾಲಿರುತ್ತಿತ್ತು. ಎದೆಬಡಿತದಲ್ಲಿ ತಪ್ಪು ಕೇಳಿಸಿದರೆ ಮುಖ ಬದಲಾಗುತ್ತಿರಲಿಲ್ಲ. ಕೇಳುವುದು ಮಾತ್ರ ಬಹಳ ಹೊತ್ತು ನಡೆಯುತ್ತಿತ್ತು. ತಾಯಂದಿರಿಗೆ ಅದರಿಂದಲೇ ಗೊತ್ತಾಗುತ್ತಿತ್ತು.

ವಯನಾಡು ಆಗಷ್ಟೇ ಜಿಲ್ಲೆಯಾಗಿತ್ತು. ಪನಮರಂ ಪೇಟೆಯಲ್ಲಿ ಅವರದು ಎರಡು ಕೋಣೆಯ ಕ್ಲಿನಿಕ್. ತಲೆಮಾರುಗಳ ಹಿಂದೆ ಕರ್ನಾಟಕದ ಕಡೆಯಿಂದ ಬಂದು ನೆಲೆಸಿದ ಜೈನ ಮನೆತನ. ಹೊತ್ತು ಮುಳುಗಿದ ಮೇಲೆ ಏನೂ ತಿನ್ನದವರು. ಗಡಿಯಂಚಿನ ಕಲ್ಲೂರಿನ ಕಡೆಯವಳಾದ ನನ್ನೊಡನೆ ಅವರ ಮಾತು ಕನ್ನಡದಲ್ಲೇ, ನಡುನಡುವೆ ಮಲಯಾಳ. ನಾನಾಗ ಅಲ್ಲಿಗೆ ಹತ್ತಿರದ ಒಂದು ಸಣ್ಣ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸ್.

ಗಂಟಲುನೋವು, ಕೀಲುಬಾವಿನ ಜ್ವರ ಬಂದುಹೋದ ಮಕ್ಕಳಲ್ಲಿ ಕೆಲವರ ಹೃದಯದ ಕವಾಟ ಕೆಡುತ್ತದೆ. ಜ್ವರ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಡಬೇಕು, ಅದೂ ವರ್ಷಗಟ್ಟಲೆ. ಔಷಧಿ ನಮ್ಮ ಕಪಾಟಿನಲ್ಲಿತ್ತು. ಕೊಡುವ ಧೈರ್ಯ ಯಾರಿಗೂ ಇರಲಿಲ್ಲ. ಅಪರೂಪಕ್ಕೆ ಯಾರಿಗಾದರೂ ಅದು ಒಗ್ಗದೆ ಜೀವಕ್ಕೇ ಎರವಾಗುವುದುಂಟು. ಎಲ್ಲೋ ಹಾಗಾಗಿ ನರ್ಸ್ ಒಬ್ಬಳು ಅಮಾನತಾದಳೆಂಬ ಸುದ್ದಿ ನಮ್ಮೆಲ್ಲರ ಕೈ ಕಟ್ಟಿತ್ತು.

ಡಾಕ್ಟರಮ್ಮನ ಚೀಟಿ ಹಿಡಿದು ಒಬ್ಬ ಹುಡುಗಿ ತಾಯಿಯೊಡನೆ ಬಂದಳು. ಹನ್ನೊಂದು ವರ್ಷವಿರಬಹುದು. ಪೇಟೆಗೆ ಹೋಗಿಬರಲು ಅವರಿಗೆ ಇಡೀ ದಿನ ಬೇಕು, ನಮ್ಮ ಕೇಂದ್ರವೇ ಹತ್ತಿರ.

"ಡಾಕ್ಟರ್ ಇಲ್ಲ. ನಾನು ಕೊಡೋ ಹಾಗಿಲ್ಲ," ಎಂದೆ.

ಮೂರು ಸಲ ಬಂದರು. ಮೂರು ಸಲವೂ ಅದನ್ನೇ ಹೇಳಿದೆ. ಮತ್ತೆ ಬರಲಿಲ್ಲ.

ಆ ಮಳೆಗಾಲದಲ್ಲಿ ಹುಡುಗಿಗೆ ಜ್ವರ ತಿರುಗಿ ಬಂತು. ಕೋಳಿಕ್ಕೋಡಿಗೆ ಕರೆದೊಯ್ಯುತ್ತಿದ್ದ ಜೀಪು ಘಾಟಿ ಇಳಿಯುವಾಗ, ಉಸಿರು ಸಿಗದೆ, ಡಾಕ್ಟರಮ್ಮನ ಎದೆಗೊರಗಿ ಕೂತಲ್ಲೇ ತೀರಿಕೊಂಡಳು.

ವಾರ ಕಳೆದು ಡಾಕ್ಟರಮ್ಮ ನಮ್ಮ ಕೇಂದ್ರಕ್ಕೆ ಬಂದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಯಾಕೆ ಕೊಡಲಿಲ್ಲ, ಸಿಸ್ಟರೇ?"

"ಹೆದರಿಕೆ ಆಯ್ತು, ಡಾಕ್ಟರಮ್ಮ. ಏನಾದ್ರೂ ಆದ್ರೆ ನನ್ನ ಪರ ಯಾರು ನಿಲ್ತಾರೆ?"

ಅವರು ಕನ್ನಡಕ ತೆಗೆದು ಕಡ್ಡಿ ಕಚ್ಚಿಕೊಂಡರು. "ಶೆರಿ," ಎಂದರು ಆಮೇಲೆ. "ಇದನ್ನೇ ಬರೆದುಕೊಡಿ. ನಾನು ಇಷ್ಟು ದಿನ ಔಷಧಿ ಬೇಕು, ಔಷಧಿ ಬೇಕು ಅಂತ ಅರ್ಜಿ ಹಾಕ್ತಿದ್ದೆ. ನಿಮ್ಮ ಹೆದರಿಕೆ ನನ್ನ ತಲೆಗೇ ಹೋಗ್ಲಿಲ್ಲ. ತಪ್ಪು ನಂದೂ ಇದೆ."

ಅಲ್ಲಿಂದ ಅವರ ಬೇಡಿಕೆ ಬದಲಾಯಿತು. ಪ್ರತಿ ಕೇಂದ್ರದಲ್ಲೂ ಈ ಇಂಜೆಕ್ಷನ್ ಕೊಡಲೇಬೇಕು. ಒಗ್ಗದಿದ್ದರೆ ಬೇಕಾಗುವ ಮದ್ದೂ ಪಕ್ಕದಲ್ಲಿರಬೇಕು. ತರಬೇತಾದ ನರ್ಸ್ ನಿಯಮದಂತೆ ಕೊಟ್ಟಿದ್ದರೆ ಅವಳನ್ನು ಶಿಕ್ಷಿಸಬಾರದು. ಇದು ಕಾನೂನಾಗಬೇಕು ಎಂದು ಮಾನಂತವಾಡಿ, ಬತ್ತೇರಿಯ ಡಾಕ್ಟರುಗಳ ಮನೆಮನೆಗೆ ಹೋಗಿ ಸಹಿ ಕೇಳಿದರು.

"ಒಂದು ಸುತ್ತೋಲೆ ಸಾಲದೇ?" ಎಂದು ಹಿರಿಯ ವೈದ್ಯರೊಬ್ಬರು ನಕ್ಕರು.

"ಸುತ್ತೋಲೆ ಕಪಾಟಿಗೆ ಹೋಗ್ತದೆ, ಸಾರ್. ಕಾನೂನಾದ್ರೆ ಆ ತಾಯಿ ನಿಂತು ಕೇಳಬಹುದು."

ಅವರು ನಗು ನಿಲ್ಲಿಸಿ ಸಹಿ ಹಾಕಿದರು.

ಹೊಸ ಜಿಲ್ಲೆಯ ಅಹವಾಲು ಕೇಳಲು ಶಾಸಕರ ಸಮಿತಿಯೊಂದು ಕಲ್ಪೆಟ್ಟಕ್ಕೆ ಬಂತು. ಡಾಕ್ಟರಮ್ಮ ನನ್ನನ್ನೂ ಕರೆದರು. ಕೆಲಸ ಹೋದೀತೆಂದು ಹಿಂಜರಿದೆ. "ನಾನು ಹೇಳಿದ್ರೆ ಡಾಕ್ಟರ ವಾದ ಅಂತಾರೆ. ನೀವು ಬಾಗಿಲಲ್ಲಿ ನಿಂತು ಇಲ್ಲ ಅಂದವರು. ಒತ್ತಾಯ ಏನಿಲ್ಲ," ಎಂದರು.

ಹೋದೆ. ರಸ್ತೆ, ಸೇತುವೆ, ಕರಿಮೆಣಸು ಎಲ್ಲ ಮುಗಿದು ನಮ್ಮ ಸರದಿ ಬರುವಾಗ ಹೊತ್ತು ಮುಳುಗಿತ್ತು. ಬೆಳಗಿನಿಂದ ಏನೂ ತಿನ್ನದ ಡಾಕ್ಟರಮ್ಮನಿಗೆ ಊಟ ಇನ್ನು ಮರುದಿನವೇ. ಹಿಂದಿನ ಸಾಲಿನಲ್ಲಿ ಆ ಹುಡುಗಿಯ ತಾಯಿ ಕೂತಿದ್ದಳು. ಅವಳು ಬರುವುದು ನನಗೆ ಗೊತ್ತಿರಲಿಲ್ಲ.

"ಔಷಧಿ ಇದ್ದೂ ವಾಪಸ್ ಕಳಿಸಿದಿರಾ?" ಸಮಿತಿಯ ಹಿರಿಯರು ಮಲಯಾಳದಲ್ಲಿ ಕೇಳಿದರು.

"ಹೌದು. ಮೂರು ಸಲ."

ಡಾಕ್ಟರಮ್ಮ ಎದ್ದು ಬಂದು ನನ್ನ ಪಕ್ಕ ನಿಂತರು. "ಇನ್ನೊಬ್ಬ ನರ್ಸ್ ಇಲ್ಲಿ ಬಂದು ಇದನ್ನು ಹೇಳದ ಹಾಗೆ ಮಾಡಿ," ಎಂದರು. ಅಷ್ಟೇ.

ತಾಯಿ ಆ ದಿನ ನನ್ನೊಡನೆ ಮಾತಾಡಲಿಲ್ಲ. ಆಮೇಲೂ ಆಡಲಿಲ್ಲ. ಆಡೆಂದು ಕೇಳುವ ಮುಖ ನನಗಿರಲಿಲ್ಲ.

ಕಾನೂನು ಆಗಲಿಲ್ಲ. ಕೆಲವು ವರ್ಷಗಳ ಮೇಲೆ ನಮ್ಮ ಜಿಲ್ಲೆಯ ಕೇಂದ್ರಗಳಿಗೆ ಒಂದು ಆದೇಶ ಬಂತು, ತರಬೇತಿ ಸಿಕ್ಕಿತು. ನರ್ಸ್‌ಗೆ ರಕ್ಷಣೆ ಕೊಡುವ ಸಾಲೂ ಅದರಲ್ಲಿತ್ತು. ಎಲ್ಲರೂ ಡಾಕ್ಟರಮ್ಮನನ್ನು ಹೊಗಳಿದರು. "ಅಧಿಕಾರಿ ಬದಲಾದ್ರೆ ಇದೂ ಹೋಗ್ತದೆ," ಎಂದು ಅವರು ಮರುದಿನವೇ ಮುಂದಿನ ಅರ್ಜಿಗೆ ಕೂತರು. ಕಣ್ಣು ಮಂಜಾದ ಮೇಲೆ ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ.

ಅವರು ತೀರಿಕೊಂಡ ಸುದ್ದಿ ಬಂದಾಗ ಕೇಂದ್ರದ ಬೆಂಚಿನಲ್ಲಿ ಇಬ್ಬರು ಮಕ್ಕಳು ಕಾಯುತ್ತಿದ್ದರು. ಇಬ್ಬರಿಗೂ ಇಂಜೆಕ್ಷನ್ ಕೊಟ್ಟೆ. ಕೊಟ್ಟವರು ಅರ್ಧ ಗಂಟೆ ಮಗುವಿನ ಪಕ್ಕದಲ್ಲೇ ಇರಬೇಕೆಂಬುದು ಆ ಆದೇಶದಲ್ಲಿ ಅವರು ಬರೆಸಿದ್ದ ಸಾಲು. ಹೊರಗೆ ನನ್ನನ್ನು ಡಾಕ್ಟರಮ್ಮನ ಮನೆಗೆ ಕರೆದೊಯ್ಯಲು ಜೀಪು ನಿಂತಿತ್ತು. ನಾನು ಮಕ್ಕಳ ಪಕ್ಕದಲ್ಲೇ ಕೂತೆ.

ತಲುಪುವಷ್ಟರಲ್ಲಿ ಚಿತೆಗೆ ಬೆಂಕಿ ಕೊಟ್ಟಾಗಿತ್ತು.

"ಕೊನೇ ಸಲ ಮುಖ ನೋಡ್ಲಿಕ್ಕೂ ಆಗ್ಲಿಲ್ಲ ಅಲ್ವಾ, ಸಿಸ್ಟರೇ," ಎಂದರು ಅವರ ತಮ್ಮ.

"ಮಕ್ಕಳಿದ್ರು," ಎಂದೆ.

ಅವರು ತಲೆಯಾಡಿಸಿ, ನನಗೆ ನಿಲ್ಲಲು ಜಾಗ ಬಿಟ್ಟರು.